ಕಪಿಲೆಯ ದಡದ ಹಾಡುಗಳ ಒಳಗುಟ್ಟು: ನಂಜು, ರಾಗಿಕಲ್ಲು, ಮರಳು

ನಾಡಿನ ಇತಿಹಾಸವನ್ನು ಶಾಸನಗಳಲ್ಲಿಯೂ ಕೈಫಿಯತ್ತುಗಳಲ್ಲಿಯೂ ಅರಮನೆಯ ಕಡತಗಳಲ್ಲಿಯೂ ಹುಡುಕುವುದು ವಾಡಿಕೆ. ಆದರೆ ಅಕ್ಷರದ ಪರಿಚಯವಿಲ್ಲದೆ ಬಾಳಿದ ಅಸಂಖ್ಯಾತ ಜನ ತಮ್ಮ ನೆನಪುಗಳನ್ನು ಶಿಲೆಯ ಮೇಲೆ ಕೆತ್ತಿಸಲಿಲ್ಲ. ಹಾಡಿನಲ್ಲಿ ಇರಿಸಿ ಹೋದರು. ಹೊಲದಲ್ಲಿ ಕಳೆ ಕೀಳುವಾಗ, ಬೆಳಗಿನ ಜಾವ ರಾಗಿ ಬೀಸುವಾಗ, ಜಾತ್ರೆಯ ಇರುಳಿನಲ್ಲಿ ಕಂಸಾಳೆಯ ನಾದಕ್ಕೆ ಹೆಜ್ಜೆ ಹಾಕುವಾಗ ಹೊಮ್ಮಿದ ಆ ಹಾಡುಗಳು ತಲೆಮಾರುಗಳನ್ನು ದಾಟಿ ಬಂದಿವೆ. ಹಾಗೆ ಬರುವಾಗ ಅವುಗಳ ಕೆಲವು ಮಾತುಗಳ ಅರ್ಥ ಮಸುಕಾಗಿದೆ. ಹಾಡುವವರಿಗೆ ಗೊತ್ತಿದ್ದದ್ದು ಕೇಳುವವರಿಗೆ ಗೊತ್ತಿಲ್ಲದಂತಾಗಿದೆ.

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಇಂತಹ ಹಾಡುಗಳ ತವರು. ಕಪಿಲೆಯು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು, ಸುತ್ತೂರಿನ ಮಗ್ಗುಲಲ್ಲಿ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿಂದ ಮುಂದೆ ಕಾವೇರಿಯು ತಲಕಾಡಿನ ಮರಳು ದಿಬ್ಬಗಳ ಬದಿಯಲ್ಲಿ ಸಾಗುತ್ತಾಳೆ. ಈ ನಾಲ್ಕು ನೆಲೆಗಳಲ್ಲಿಯೂ ಒಂದೊಂದು ಹಾಡು ಅಥವಾ ಹೇಳಿಕೆ ಜನರ ನಾಲಗೆಯ ಮೇಲೆ ನಿಂತಿದೆ. ನೀರು ಹರಿದ ದಾರಿಯಲ್ಲಿಯೇ ಸಾಗಿ ಅವುಗಳ ಒಳಗಣ ಅರ್ಥವನ್ನು ಅರಿಯಲು ಯತ್ನಿಸುವುದು ಈ ಲೇಖನದ ಉದ್ದೇಶ.

ಬೆಡಗಿನ ವಚನ ಮತ್ತು ಜನಪದ ಹಾಡು

ಗೂಢಾರ್ಥ ಎಂದೊಡನೆ ಶರಣ ಸಾಹಿತ್ಯದ ಪರಿಚಯವುಳ್ಳವರಿಗೆ ಬೆಡಗಿನ ವಚನಗಳು ನೆನಪಾಗುವುದು ಸಹಜ. ಅಲ್ಲಮಪ್ರಭುದೇವರ ವಚನಗಳಲ್ಲಿ ಇವು ವಿಶೇಷವಾಗಿ ಕಾಣಸಿಗುತ್ತವೆ. ಮೇಲ್ನೋಟಕ್ಕೆ ಲೋಕವಿರುದ್ಧವೆನಿಸುವ ಮಾತು, ಒಳಗೆ ಅನುಭಾವದ ಸತ್ಯ. 12ನೆಯ ಶತಮಾನದ ಈ ವಚನಗಳಿಗೆ ಮುಂದೆ ವಿಜಯನಗರದ ಕಾಲದಲ್ಲಿ ಟೀಕೆ ಬರೆಯುವ ಒಂದು ಪರಂಪರೆಯೇ ಬೆಳೆಯಿತು. ಶೂನ್ಯಸಂಪಾದನೆಗಳು ರೂಪುಗೊಂಡದ್ದೂ ಅದೇ 15ನೆಯ ಶತಮಾನದಲ್ಲಿ. ಟೀಕಾಕಾರರು ಬೆಡಗಿನ ಒಂದೊಂದು ಪದವನ್ನೂ ಬಿಡಿಸಿ, ಇದು ಮನಸ್ಸು, ಇದು ಪ್ರಾಣ, ಇದು ಮಾಯೆ ಎಂದು ಸಂಕೇತಗಳನ್ನು ತೆರೆದು ತೋರಿದರು.

ಇದೇ ಕೀಲಿಯನ್ನು ಜನಪದ ಹಾಡಿಗೂ ಹಾಕುವ ಅಭ್ಯಾಸ ಬಹಳ ಹಿಂದಿನದು. ಬೀಸುವ ಕಲ್ಲಿನ ಎರಡು ಹೋಳುಗಳು ಶಿವ ಮತ್ತು ಶಕ್ತಿ, ಗೂಟವೇ ಗುರು, ಹಿಟ್ಟೇ ಜ್ಞಾನ ಎಂಬ ರೀತಿಯ ವಿವರಣೆಗಳನ್ನು ಪ್ರವಚನಗಳಲ್ಲಿ ಕೇಳುತ್ತೇವೆ. ಇಂತಹ ವಿವರಣೆಗಳಿಂದ ಭಕ್ತಿಗೆ ಬಲ ಬರುವುದುಂಟು. ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕಾಗಿದೆ. ಬೆಡಗಿನ ವಚನವನ್ನು ರಚಿಸಿದ ಶರಣನು ಅರ್ಥವನ್ನು ತಿಳಿದೇ ಮರೆಮಾಡಿದ್ದಾನೆ. ಅರ್ಹನಾದ ಸಾಧಕನು ಅದನ್ನು ತೆರೆಯಲಿ ಎಂಬುದು ಆತನ ಆಶಯ. ಜನಪದ ಹಾಡಿನಲ್ಲಿ ಹಾಗೆ ಮರೆಮಾಡಿದವರು ಯಾರೂ ಇಲ್ಲ. ಅಲ್ಲಿಯ ಅರ್ಥವು ಕಾಲದಿಂದ ಮರೆಯಾದದ್ದು. ಹಾಡಿದ ವಸ್ತು ಬಳಕೆ ತಪ್ಪಿತು, ನಡೆದ ಘಟನೆ ಮರೆತುಹೋಯಿತು, ಪದದ ಅರ್ಥ ಜಾರಿತು, ಹಾಡಿದವರ ಬದುಕು ಕೇಳುವವರಿಗೆ ಅಪರಿಚಿತವಾಯಿತು.

ಆದುದರಿಂದ ಜನಪದ ಹಾಡಿನ ಒಳಗುಟ್ಟನ್ನು ಅರಿಯಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಇಲ್ಲಿ ಹೆಸರಿಸಿದ ವಸ್ತು ಯಾವುದು, ಅದು ಹೇಗೆ ಬಳಕೆಯಾಗುತ್ತಿತ್ತು? ಇಲ್ಲಿ ದುಡಿದವರು ಯಾರು? ಇಲ್ಲಿ ನೊಂದವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಕಾಣುವ ತತ್ತ್ವವು ನೆಲೆಯುಳ್ಳದ್ದಾಗುತ್ತದೆ. ಇವನ್ನು ಕೇಳದೆ ನೇರವಾಗಿ ತತ್ತ್ವಕ್ಕೆ ಹಾರಿದರೆ, ಹಾಡಿದವರನ್ನೇ ಹಾಡಿನಿಂದ ಹೊರಗೆ ಹಾಕಿದಂತಾಗುತ್ತದೆ.

ನಂಜನಗೂಡು: ನಂಜು ಎಂಬ ಮಾತು

ನಂಜುಂಡ ಎಂಬ ಹೆಸರಿನ ಪುರಾಣಾರ್ಥ ಎಲ್ಲರಿಗೂ ತಿಳಿದದ್ದೇ. ಸಮುದ್ರಮಥನದಲ್ಲಿ ಹುಟ್ಟಿದ ಹಾಲಾಹಲವನ್ನು ಉಂಡು ಲೋಕವನ್ನು ಕಾಯ್ದವನು ನಂಜುಂಡ; ಆ ವಿಷವು ಕಂಠದಲ್ಲಿ ನಿಂತದ್ದರಿಂದ ಶ್ರೀಕಂಠ. ಸಂಸ್ಕೃತದ ಹೆಸರೂ ಕನ್ನಡದ ಹೆಸರೂ ಒಂದೇ ಕಥೆಯನ್ನು ಹೇಳುತ್ತವೆ. ಆದರೆ ಹಳ್ಳಿಯ ಮಾತಿನಲ್ಲಿ ನಂಜು ಎಂಬುದಕ್ಕೆ ಇನ್ನೂ ಒಂದು ಅರ್ಥವಿದೆ. ಗಾಯ ಮಾಗದೆ ಕೀವು ಕಟ್ಟಿದರೆ ನಂಜಾಯಿತು ಎನ್ನುತ್ತಾರೆ. ಗಾಯವಿದ್ದವರು ಬದನೆಕಾಯಿ ತಿನ್ನಬಾರದು, ಅದು ನಂಜು ಎಂಬ ಮಾತು ಈ ಭಾಗದ ಅಡುಗೆಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹಾವು ಚೇಳುಗಳ ವಿಷವೂ ನಂಜೇ, ಮೈಯಲ್ಲಿ ಏಳುವ ಹುಣ್ಣುಹುಗುಳುಗಳ ಕಾರಣವೂ ನಂಜೇ.

ಹೊಲದಲ್ಲಿ ಬರಿಗಾಲಿನಲ್ಲಿ ದುಡಿಯುವ ಜನರಿಗೆ ಮುಳ್ಳು, ಕುಡುಗೋಲಿನ ಗಾಯ, ಹಾವಿನ ಕಡಿತಗಳು ನಿತ್ಯದ ಭಯಗಳಾಗಿದ್ದವು. ಅವರು ಕಪಿಲೆಯಲ್ಲಿ ಮಿಂದು, ಉರುಳುಸೇವೆಯ ಹರಕೆ ಹೊತ್ತು, ಮುಡಿಯೊಪ್ಪಿಸಿ ನಂಜುಂಡಪ್ಪನನ್ನು ಕರೆದಾಗ ಅವರ ಮನಸ್ಸಿನಲ್ಲಿದ್ದ ನಂಜು ಕ್ಷೀರಸಾಗರದ್ದಷ್ಟೇ ಆಗಿರಲಿಲ್ಲ. ಅದು ತಮ್ಮ ಕಾಲಿನ ಹುಣ್ಣಿನದೂ ಆಗಿತ್ತು. ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣಿನ ಬೇನೆ ಇಲ್ಲಿಯ ಹರಕೆಯಿಂದ ವಾಸಿಯಾಯಿತೆಂದು ಪಚ್ಚೆಯ ಲಿಂಗವನ್ನು ಅರ್ಪಿಸಿ, ದೇವರನ್ನು ಹಕೀಮ್ ನಂಜುಂಡ ಎಂದು ಕರೆದನೆಂಬ ಪ್ರತೀತಿಯೂ ಇದೇ ಅರ್ಥದ ಮುಂದುವರಿಕೆ. ಹಕೀಮ್ ಎಂದರೆ ವೈದ್ಯ. ಕಲ್ಯಾಣದ ಶರಣಗಣದಲ್ಲಿ ವೈದ್ಯ ಸಂಗಣ್ಣನವರು ರೋಗ ನೋಡುವ ಕಾಯಕವನ್ನೇ ಲಿಂಗಪೂಜೆಯಾಗಿ ಮಾಡಿದವರೆಂಬುದನ್ನು ಇಲ್ಲಿ ನೆನೆಯಬಹುದು. ಮೈಯ ನೋವನ್ನು ಕೀಳೆಂದು ಬಗೆದು ಆತ್ಮದ ಮಾತನ್ನಷ್ಟೇ ಆಡುವುದು ಶರಣರ ದಾರಿಯಾಗಿರಲಿಲ್ಲ.

ನಂಜುಂಡನನ್ನು ಕುರಿತ ಹಾಡುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಚಾಮುಂಡಿಯೊಡನೆ ಆತನ ಒಲವಿನ ಕಥೆ. ಮೈಸೂರಿನ ಬೆಟ್ಟದ ಮೇಲಿನ ಚಾಮುಂಡಿಗೂ ಹೊಳೆಯ ದಡದ ನಂಜುಂಡನಿಗೂ ಪ್ರೇಮವಾಗುತ್ತದೆ. ನಂಜುಂಡನ ಮನೆಯಲ್ಲಿ ಹಿರಿಯ ಹೆಂಡತಿ ದೇವಿರಮ್ಮ ಇದ್ದಾಳೆ. ಸವತಿಯರ ಮುನಿಸು, ಬೈಗುಳ, ನಂಜುಂಡನ ಪೇಚಾಟ ಎಲ್ಲವೂ ಊರಿನ ಯಾವುದೋ ಮನೆಯಲ್ಲಿ ನಡೆದಂತೆ ಹಾಡಿನಲ್ಲಿ ಬರುತ್ತವೆ. ಚಾಮುಂಡಿಯ ತಂಗಿ ಉತ್ತನಹಳ್ಳಿಯ ಮಾರಿಯೂ ಈ ಕಥನದ ಭಾಗ. ಮಹಿಷಾಸುರನ ರಕ್ತದ ಒಂದೊಂದು ಹನಿಯಿಂದಲೂ ಒಬ್ಬೊಬ್ಬ ರಕ್ಕಸ ಹುಟ್ಟತೊಡಗಿದಾಗ ನಾಲಗೆಯನ್ನು ಹಾಸಿ ನೆರವಾದವಳು ಈ ತಂಗಿ. ಇಂತಹ ಹಾಡುಗಳನ್ನು ಡಾ. ಪಿ. ಕೆ. ರಾಜಶೇಖರ ಅವರಂತಹ ಸಂಗ್ರಾಹಕರು ಗಾಯಕರ ಬಾಯಿಂದ ಕೇಳಿ ಬರಹಕ್ಕಿಳಿಸಿದ್ದರಿಂದ ಇಂದು ಓದಲು ಸಿಗುತ್ತವೆ.

ದೇವರಿಗೆ ಇಂತಹ ಕಥೆಯೇ ಎಂದು ಕೆಲವರು ಮುಜುಗರ ಪಡುವುದುಂಟು. ಬೆಟ್ಟವೆಂದರೆ ಸಹಸ್ರಾರ, ಹೊಳೆಯೆಂದರೆ ಸುಷುಮ್ನೆ ಎಂದು ಅರ್ಥ ಹೇಳಿ ಆ ಮುಜುಗರದಿಂದ ಪಾರಾಗುವವರೂ ಇದ್ದಾರೆ. ಆದರೆ ನೆರೆಯ ಬಿಳಿಗಿರಿರಂಗನ ಬೆಟ್ಟದ ಉದಾಹರಣೆಯನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ಅಲ್ಲಿಯ ಸೋಲಿಗರು ರಂಗನಾಥನನ್ನು ಭಾವ ಎಂದು ಕರೆಯುತ್ತಾರೆ; ತಮ್ಮ ಕುಲದ ಹೆಣ್ಣು ಕುಸುಮಾಲೆಯನ್ನು ಆತ ಮದುವೆಯಾದನೆಂಬುದು ಅವರ ಹಾಡು. ಜನಪದರಲ್ಲಿ ದೇವರುಗಳ ನಂಟಸ್ತಿಕೆಯು ಒಕ್ಕಲುಗಳ ನಂಟಸ್ತಿಕೆ. ಬೆಟ್ಟದ ದೇವಿಗೆ ನಡೆದುಕೊಳ್ಳುವ ಜನರೂ ಹೊಳೆಯ ದಡದ ಶಿವನಿಗೆ ನಡೆದುಕೊಳ್ಳುವ ಜನರೂ ಒಂದೇ ಸಂತೆಗೆ, ಒಂದೇ ಜಾತ್ರೆಗೆ ಬರುವವರಾದಾಗ, ನಮ್ಮ ದೇವರಿಗೂ ನಿಮ್ಮ ದೇವರಿಗೂ ಸಂಬಂಧವಾಗಿದೆ ಎಂದು ಹಾಡು ಹೇಳುತ್ತದೆ. ಸವತಿಯರ ಜಗಳವೂ ಇದಕ್ಕೆ ಹೊರತಲ್ಲ. ಎರಡು ಜನಗಳು ಹತ್ತಿರ ಬಂದಾಗ ಪ್ರೀತಿಯಷ್ಟೇ ಹುಟ್ಟುವುದಿಲ್ಲ, ಮಾತುಕಟ್ಟುವಿಕೆಯೂ ಹುಟ್ಟುತ್ತದೆ ಎಂಬ ಲೋಕಾನುಭವ ಅಲ್ಲಿದೆ. ಜೊತೆಗೆ, ಗಂಡನ ಎರಡನೆಯ ಒಲವನ್ನು ಸಹಿಸಬೇಕಾದ ಹಿರಿಯ ಹೆಂಡತಿಯ ಮಾತಿಗೂ ಹಾಡು ಪೂರ್ಣ ಅವಕಾಶ ಕೊಟ್ಟಿದೆ. ಪುರಾಣವು ಸಾಮಾನ್ಯವಾಗಿ ಕೇಳಿಸದ ದನಿಯದು.

ಸುತ್ತೂರು: ರಾಗಿಕಲ್ಲಿನ ಮುಂದೆ ಕುಳಿತ ದೇವರು

ನಂಜನಗೂಡಿನಿಂದ ಕಪಿಲೆಯ ಜೊತೆಯಲ್ಲಿ ಮುಂದೆ ಸಾಗಿದರೆ ಸುತ್ತೂರು. ಆದಿಜಗದ್ಗುರು ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳಿಂದ ಆರಂಭವಾದ ಪರಂಪರೆಯ ಶ್ರೀಮಠ ಇರುವ ಊರು ಇದು. ಮಲೆಯ ಮಹದೇಶ್ವರರ ಮಹಾಕಾವ್ಯದಲ್ಲಿ ಈ ಊರಿಗೆ ಒಂದು ವಿಶಿಷ್ಟ ಸ್ಥಾನವಿದೆ.

ಮಹದೇಶ್ವರರ ಕಾವ್ಯವನ್ನು ಹಾಡುವವರು ದೇವರಗುಡ್ಡರು. ಬಟ್ಟಲಿನಂತಹ ಒಂದು ಕಂಚಿನ ತಾಳವನ್ನು ಎಡಗೈಯಲ್ಲಿ ಹಿಡಿದು, ಗೊಂಡೆ ಕಟ್ಟಿದ ಇನ್ನೊಂದು ತಾಳವನ್ನು ಬೀಸಿ ಬಡಿದು ನಾದ ಹೊರಡಿಸುವ ಕಂಸಾಳೆ ಅವರ ವಾದ್ಯ. ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದು ಅದನ್ನು ಹಿಡಿಯುತ್ತಾರೆ. ಕಾವ್ಯದ ಒಂದೊಂದು ಭಾಗಕ್ಕೆ ಸಾಲು ಎಂದು ಹೆಸರು: ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಹೀಗೆ. ಮಹದೇಶ್ವರರು 14-15ನೆಯ ಶತಮಾನದ ಸುಮಾರಿಗೆ ಬಾಳಿದ ಶಿವಯೋಗಿಗಳೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಡಾ. ಪಿ. ಕೆ. ರಾಜಶೇಖರ ಅವರು ಸಂಪಾದಿಸಿದ ಈ ಕಾವ್ಯದ ಪಾಠ 1973ರಲ್ಲಿ ಪ್ರಕಟವಾಯಿತು. ಡಾ. ಜೀ. ಶಂ. ಪರಮಶಿವಯ್ಯನವರೂ ಈ ಗಾಯಕ ಪರಂಪರೆಗಳ ಅಧ್ಯಯನಕ್ಕೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭದ್ರವಾದ ತಳಹದಿ ಹಾಕಿದರು.

ಏಳುಮಲೆಯನ್ನು ಸೇರುವ ಮುನ್ನ ಮಾದಪ್ಪ ಸುತ್ತೂರು ಮಠಕ್ಕೆ ಬಂದನೆಂದೂ, ಅಲ್ಲಿ ಅವನಿಗೆ ರಾಗಿ ಬೀಸುವ ಕೆಲಸ ಒದಗಿತೆಂದೂ ದೇವರಗುಡ್ಡರು ಹಾಡುತ್ತಾರೆ. ಪಾಠದಿಂದ ಪಾಠಕ್ಕೆ ವಿವರಗಳು ಬದಲಾಗುತ್ತವೆ. ಆದರೆ ರಾಗಿಯೂ ಬೀಸುವ ಕಲ್ಲೂ ಬದಲಾಗುವುದಿಲ್ಲ. ಜಗತ್ತನ್ನು ಕಾಯುವ ದೇವರು ಮಠದ ರಾಗಿಕಲ್ಲಿನ ಮುಂದೆ ಕುಳಿತ ಚಿತ್ರವನ್ನು ಜನ ನೂರಾರು ವರ್ಷ ಕಾಪಾಡಿಕೊಂಡು ಬಂದರೇಕೆ?

ಮೊದಲು ವಸ್ತುವನ್ನು ಕುರಿತು ನೋಡೋಣ. ರಾಗಿಯು ಮಳೆಯನ್ನೇ ನಂಬಿದ ಹೊಲದ ಬೆಳೆ. ಅದನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ; ಬರಗಾಲದಲ್ಲಿ ಜೀವ ಉಳಿಸುತ್ತಿದ್ದದ್ದು ಅದೇ. ಭತ್ತ ಮೇಲೋ ರಾಗಿ ಮೇಲೋ ಎಂಬ ವಾದವನ್ನೇ ವಸ್ತುವಾಗಿಸಿಕೊಂಡು ಕನಕದಾಸರು ರಾಮಧಾನ್ಯ ಚರಿತೆಯನ್ನು ರಚಿಸಿ, ಬಡವರ ಧಾನ್ಯವಾದ ರಾಗಿಗೆ ಗೆಲುವನ್ನು ಕೊಟ್ಟರು. ಇನ್ನು ಬೀಸುವ ಕೆಲಸ. ಹೊತ್ತು ಹುಟ್ಟುವ ಮೊದಲೇ ಎದ್ದ ಹೆಂಗಸರು, ಕೆಲವೊಮ್ಮೆ ಇಬ್ಬರು ಎದುರು ಬದುರಾಗಿ ಕುಳಿತು, ಒಂದೇ ಗೂಟವನ್ನು ಹಿಡಿದು ಮೇಲ್ಗಲ್ಲನ್ನು ತಿರುಗಿಸುತ್ತಿದ್ದರು. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈಯಿಂದ ಕಲ್ಲಿನ ಬಾಯಿಗೆ ಹಿಡಿ ಹಿಡಿ ರಾಗಿ. ತೋಳಿನ ಆ ದುಡಿಮೆಯನ್ನು ಸಹ್ಯವಾಗಿಸಿದ್ದು ಹಾಡು. ಹಾಡಿನ ಲಯವೂ ಕಲ್ಲಿನ ಸುತ್ತೂ ಒಂದಾಗುತ್ತಿದ್ದವು. ನಮ್ಮ ತ್ರಿಪದಿ ಇಂತಹ ಕೆಲಸಗಳ ನಡುವೆ ಬೆಳೆದು ಉಳಿದ ಛಂದಸ್ಸು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯ ಕಾಲದಲ್ಲಿಯೇ ಅದು ಶಿಲೆಯ ಮೇಲೆ ಕಾಣಿಸಿಕೊಂಡಿದೆ. 1931ರಲ್ಲಿ ಹಲಸಂಗಿಯ ಗೆಳೆಯರು ಗರತಿಯ ಹಾಡು ಸಂಕಲನವನ್ನು ಹೊರತಂದಾಗ ಉತ್ತರ ಕರ್ನಾಟಕದ ಬೀಸುವ ಹೆಂಗಳೆಯರ ಕಾವ್ಯವನ್ನು ವಿದ್ಯಾವಂತರು ಬೆರಗಿನಿಂದ ಕಂಡರು. ಹಿಟ್ಟಿನ ಗಿರಣಿಗಳು ಹಳ್ಳಿಗಳಿಗೆ ಬಂದ ಮೇಲೆ ಕಲ್ಲು ಮೂಲೆ ಸೇರಿತು. ತೋಳಿಗೆ ಬಿಡುವು ದೊರೆಯಿತು. ಹಾಡಿಗೆ ಜಾಗ ಇಲ್ಲವಾಯಿತು.

ಈ ಹಿನ್ನೆಲೆಯಲ್ಲಿ ನೋಡಿದಾಗ ಹಾಡಿನ ಧೈರ್ಯ ಅರಿವಾಗುತ್ತದೆ. ಮನೆಯ ಕೆಲಸಗಳಲ್ಲಿ ಅತ್ಯಂತ ದಣಿವಿನದೂ, ಹೆಣ್ಣಿನದೆಂದೇ ಗಣಿಸಲಾದದ್ದೂ ಆದ ಕೆಲಸಕ್ಕೆ ಜನಪದರು ತಮ್ಮ ದೇವರನ್ನೇ ಕೂರಿಸಿದರು. ಕಲ್ಯಾಣದ ಶರಣೆಯರಲ್ಲಿ ಕೊಟ್ಟಣದ ಸೋಮಮ್ಮನವರು ಭತ್ತ ಕುಟ್ಟುವ ಕಾಯಕದವರು. ಅವರ ಹೆಸರಿಗೇ ಕಾಯಕ ಸೇರಿಕೊಂಡಿದೆ. ಕದಿರ ರೆಮ್ಮವ್ವೆಯವರು ತಾವು ನೂಲುವ ರಾಟೆಯ ಭಾಗಗಳಲ್ಲಿ ತ್ರಿಮೂರ್ತಿಗಳನ್ನು ಕಂಡರು. ರೆಮ್ಮವ್ವೆಯವರ ವಚನದಲ್ಲಿ ತತ್ತ್ವವಿದೆ ನಿಜ. ಆದರೆ ನೂಲು ತೆಗೆದು ಹೊಟ್ಟೆ ಹೊರೆದ ಕೈ ಹೇಳಿದ್ದರಿಂದಲೇ ಆ ತತ್ತ್ವಕ್ಕೆ ಬೆಲೆ. ಕಲ್ಲು ಶಿವಶಕ್ತಿಯೆಂದು ಹೇಳುವವರು ಅದನ್ನು ಒಮ್ಮೆಯಾದರೂ ತಿರುಗಿಸಿದ್ದಾರೆಯೇ ಎಂಬ ಪ್ರಶ್ನೆಯನ್ನು ಶರಣರು ಕೇಳದೆ ಬಿಡುತ್ತಿರಲಿಲ್ಲ.

ಈ ಕಥನದಲ್ಲಿ ಮಠದವರಿಗೂ ಒಂದು ಎಚ್ಚರವಿದೆ. ಬಾಗಿಲಿಗೆ ಬಂದವನು ಯಾರೆಂದು ಅರಿಯದೆ ಅವನಿಗೆ ಕೆಲಸ ಹೇಳಲಾಯಿತು. ಅವನು ಮುನಿದು ಹೋಗಲಿಲ್ಲ, ಬೀಸಿದ. ಚಿಕ್ಕಲ್ಲೂರಿನ ಕಡೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಈ ಮಾತು ಇನ್ನಷ್ಟು ಕಠಿಣವಾಗಿ ಬರುತ್ತದೆ. ಅಲ್ಲಿ ಪ್ರಭುವು ಹೊಲಸು ಮೈಯ ಭಿಕ್ಷುಕನ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಬಾಗಿಲಲ್ಲಿ ನಿಂತವರು ಅವನನ್ನು ಒಳಗೆ ಬಿಡುವುದಿಲ್ಲ. ಕೊನೆಗೆ ಅವನ ನಿಜವನ್ನು ಅರಿಯುವವರು ಬಸವಣ್ಣನವರೂ ನೀಲಮ್ಮನವರೂ. ದೂಷಣೆಗಾಗಿ ಕಟ್ಟಿದ ಕಥೆಗಳಾಗಿದ್ದರೆ ಇವನ್ನು ಭಕ್ತಿಯಿಂದ ಹಾಡುತ್ತಿರಲಿಲ್ಲ. ಜಾತಿಯಿಂದಲೋ ಬಡತನದಿಂದಲೋ ಬಾಗಿಲ ಹೊರಗೆ ನಿಲ್ಲಬೇಕಾಗಿ ಬಂದವರು, ಬಸವಣ್ಣನವರು ತೆರೆದ ಬಾಗಿಲನ್ನು ಮುಂದಿನವರು ಮುಚ್ಚಬಾರದೆಂದು ಹಾಡಿಟ್ಟ ಎಚ್ಚರಿಕೆಯಿದು. ದಾಸೋಹದ ಎಲೆಯ ಮೇಲೆ ಬಡಿಸಿದ ಮುದ್ದೆಯ ಹಿಂದೆ ಯಾರ ತೋಳಿದೆ ಎಂಬುದನ್ನು ನೆನೆಯುವುದೇ ಆ ಹಾಡಿಗೆ ಸಲ್ಲಿಸುವ ಗೌರವ.

ತಿರುಮಕೂಡಲು: ಒಂದು ಗುಲಗಂಜಿಯ ತೂಕ

ಸುತ್ತೂರನ್ನು ಬಿಟ್ಟ ಕಪಿಲೆ ಮುಂದೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಾಣುವ ಎರಡು ನದಿಗಳ ಜೊತೆಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಸಂಗಮವೆನ್ನುತ್ತಾರೆ. ಅಗಸ್ತ್ಯೇಶ್ವರನ ಸನ್ನಿಧಿ ಒಂದು ದಡದಲ್ಲಿದ್ದರೆ, ಗುಂಜಾ ನರಸಿಂಹಸ್ವಾಮಿಯ ದೇಗುಲ ಇನ್ನೊಂದು ದಡದಲ್ಲಿದೆ. 1989ರಲ್ಲಿ ಇಲ್ಲಿ ಕುಂಭಮೇಳವೂ ಆರಂಭವಾಯಿತು. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂಬ ಮಾತು ಸುತ್ತಮುತ್ತಲ ಜನರ ಬಾಯಲ್ಲಿದೆ; ದೇವರು ಗುಲಗಂಜಿಯನ್ನು ಹಿಡಿದಿರುವುದೇ ಅದಕ್ಕೆ ಸಾಕ್ಷಿಯೆನ್ನುತ್ತಾರೆ.

ಈ ಮಾತಿನ ಹಿಂದೆ ಒಬ್ಬ ಮಡಿವಾಳನ ಕಥೆಯಿದೆ. ನರಸಿಂಹನು ಅವನ ಕನಸಿನಲ್ಲಿ ಬಂದು ತನಗೆ ಗುಡಿ ಕಟ್ಟಿಸೆಂದನಂತೆ. ಬಟ್ಟೆ ಒಗೆದು ಬದುಕುವ ತನ್ನಲ್ಲಿ ಹಣವೆಲ್ಲಿಯದೆಂದು ಅವನು ಕೇಳಿದಾಗ, ನೀನು ಒಗೆಯುವ ಕಲ್ಲಿನ ಕೆಳಗೆ ಹೊನ್ನಿದೆ ಎಂದು ದೇವರು ತಿಳಿಸಿದನಂತೆ. ಕಾಶಿಗೆ ಹೋಗಬೇಕೆಂಬ ಆಸೆಯನ್ನು ಮಡಿವಾಳ ಹೇಳಿಕೊಂಡಾಗ, ಇಲ್ಲಿಯೇ ಒಂದು ಗುಂಜಿ ಹೆಚ್ಚು ಪುಣ್ಯವಿದೆ ಎಂದು ಸಮಾಧಾನ ಹೇಳಿದನಂತೆ.

ಗುಲಗಂಜಿ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಕೆಂಪು ಕಾಳು. ತಕ್ಕಡಿಯಲ್ಲಿ ಅತ್ಯಂತ ಚಿಕ್ಕ ತೂಕವದು. ಕಾಶಿಗಿಂತ ನೂರು ಪಾಲು ಹೆಚ್ಚೆಂದು ಕೊಚ್ಚಿಕೊಳ್ಳದೆ ಒಂದು ಗುಲಗಂಜಿ ಹೆಚ್ಚೆಂದು ಹೇಳಿದ್ದರಲ್ಲಿ ಜನಪದರ ವಿನಯವೂ ಜಾಣ್ಮೆಯೂ ಇವೆ. ದೂರದ ಯಾತ್ರೆಗೆ ಹಣವೂ ಬಿಡುವೂ ಇಲ್ಲದವನಿಗೆ ತನ್ನ ದುಡಿಮೆಯ ಕಲ್ಲಿನ ಕೆಳಗೇ ಕಾಶಿಯಿದೆ ಎಂಬುದು ಅದರ ಒಳಗಣ ಮಾತು. ಮಡಿವಾಳ ಮಾಚಿದೇವರನ್ನು ಅರಿತ ಶರಣಬಂಧುಗಳಿಗೆ ಈ ಮಾತು ಹೊಸದೇನಲ್ಲ. ಕೈಲಾಸವನ್ನು ಕಾಯಕದಲ್ಲಿಯೇ ಕಂಡ ದರ್ಶನಕ್ಕೂ ಈ ಐತಿಹ್ಯಕ್ಕೂ ನೇರ ಸಂಬಂಧವಿದೆಯೆಂದು ಹೇಳಬೇಕಾಗಿಲ್ಲ. ಒಂದೇ ಬಗೆಯ ಬಾಳು ಬಾಳಿದ ಜನ ಬೇರೆ ಬೇರೆ ದೇವರ ಹೆಸರಿನಲ್ಲಿ ಒಂದೇ ಸತ್ಯವನ್ನು ಮುಟ್ಟಿದ್ದಾರೆ.

ತಲಕಾಡು: ಶಾಪವನ್ನು ಹಾಡಿದವರು ಯಾರು?

ಸಂಗಮದಿಂದ ಮುಂದೆ, ಅದೇ ತಾಲ್ಲೂಕಿನಲ್ಲಿ, ಕಾವೇರಿಯ ತಿರುವಿನಲ್ಲಿ ತಲಕಾಡಿದೆ. ಗಂಗರ ರಾಜಧಾನಿಯಾಗಿದ್ದ ಊರು. 11ನೆಯ ಶತಮಾನದ ಆರಂಭದಲ್ಲಿ ಚೋಳರ ವಶವಾಯಿತು. ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದು ತಲಕಾಡುಗೊಂಡನೆಂಬ ಬಿರುದು ಧರಿಸಿ, 1117ರಲ್ಲಿ ಕೀರ್ತಿನಾರಾಯಣ ದೇಗುಲವನ್ನು ಸ್ಥಾಪಿಸಿದನು. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ ಮತ್ತು ಮುಡುಕುತೊರೆಯ ಮಲ್ಲಿಕಾರ್ಜುನ ಲಿಂಗಗಳ ಪಂಚಲಿಂಗ ದರ್ಶನಕ್ಕೆ ಲಕ್ಷಾಂತರ ಭಕ್ತರು ಬರುತ್ತಾರೆ. 2020ರ ಡಿಸೆಂಬರಿನಲ್ಲಿಯೂ ಅದು ನಡೆಯಿತು.

ಈ ಊರಿನ ಹೆಸರಿನೊಡನೆ ಬೆಸೆದುಕೊಂಡಿರುವುದು ಅಲಮೇಲಮ್ಮನ ಶಾಪ. 1610ರಲ್ಲಿ ಮೈಸೂರಿನ ರಾ­ಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಬೆನ್ನಿನ ಹುಣ್ಣಿನಿಂದ ನರಳುತ್ತಿದ್ದ ಆ ಪ್ರತಿನಿಧಿ ವೈದ್ಯನಾಥನ ಸನ್ನಿಧಿಯಾದ ತಲಕಾಡಿಗೆ ಬಂದು ಅಲ್ಲಿ ತೀರಿಕೊಂಡನೆಂದು ಐತಿಹ್ಯ. ಅವನ ಪತ್ನಿ ಅಲಮೇಲಮ್ಮನ ಬಳಿಯಿದ್ದ, ಶ್ರೀರಂಗನಾಯಕಿಗೆ ತೊಡಿಸುತ್ತಿದ್ದ ಒಡವೆಗಳನ್ನು ತರಲು ಆಳುಗಳು ಬೆನ್ನಟ್ಟಿದರು. ಮುತ್ತಿನ ಮೂಗುತಿಯನ್ನು ಒಪ್ಪಿಸಿ, ಉಳಿದ ಒಡವೆಗಳೊಡನೆ ಆಕೆ ಹೊಳೆಗೆ ಹಾರಿದಳು. ಹಾರುವಾಗ ನುಡಿದ ಶಾಪದ ಅಂಗಗಳು ಮೂರು: ತಲಕಾಡಿಗೆ ಮರಳು ಕವಿಯಬೇಕು, ಮಾಲಂಗಿಯ ಬಳಿ ಹೊಳೆ ಮಡುವಾಗಬೇಕು, ಮೈಸೂರಿನ ದೊರೆಗಳಿಗೆ ಸಂತಾನ ಇಲ್ಲವಾಗಬೇಕು.

ಇದನ್ನು ಅಕ್ಷರಶಃ ನಿಜವಾದ ಭವಿಷ್ಯವಾಣಿಯೆಂದು ನಂಬುವವರು ಬಹಳ. ಇತಿಹಾಸ ಅಷ್ಟು ಸರಳವಾಗಿಲ್ಲ. ರಾಜ ಒಡೆಯರ ಮಕ್ಕಳು ತಂದೆಗಿಂತ ಮೊದಲೇ ತೀರಿಕೊಂಡು 1617ರಲ್ಲಿ ಮೊಮ್ಮಗ ಪಟ್ಟವೇರಿದ್ದು ದಿಟ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಪಡೆದದ್ದೂ, ನಾಲ್ವಡಿ ಕೃಷ್ಣರಾಜ ಒಡೆಯರ ನಂತರ 1940ರಲ್ಲಿ ಅವರ ತಮ್ಮನ ಮಗ ಪಟ್ಟಕ್ಕೆ ಬಂದದ್ದೂ, 2015ರಲ್ಲಿ ಮತ್ತೆ ದತ್ತು ನಡೆದದ್ದೂ ದಿಟ. ಆದರೆ ಚಿಕ್ಕದೇವರಾಜ ಒಡೆಯರ ನಂತರ ಅವರ ಮಗ, ಆ ಬಳಿಕ ಮೊಮ್ಮಗ ಆಳಿದ್ದಾರೆ. ಹತ್ತನೆಯ ಚಾಮರಾಜೇಂದ್ರ ಒಡೆಯರಿಗೂ ಜಯಚಾಮರಾಜ ಒಡೆಯರಿಗೂ ಗಂಡುಮಕ್ಕಳಿದ್ದರು. 2017ರ ಡಿಸೆಂಬರಿನಲ್ಲಿ ಅರಮನೆಯಲ್ಲಿ ಮತ್ತೆ ತೊಟ್ಟಿಲು ಕಟ್ಟಲಾಯಿತು. ಹೊಂದುವ ತಲೆಮಾರುಗಳನ್ನು ಎಣಿಸಿ ಹೊಂದದವನ್ನು ಬಿಡುವುದು ಶಾಪಗಳನ್ನು ಓದುವ ಹಳೆಯ ಕ್ರಮ.

ಮರಳಿಗೆ ಕಾರಣವನ್ನು ಹೊಳೆಯೇ ಹೇಳುತ್ತದೆ. ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ತಲಕಾಡಿನ ಬಳಿ ಕಾವೇರಿಗೆ ಮಾಧವಮಂತ್ರಿ ಅಣೆಕಟ್ಟೆ ಕಟ್ಟಲ್ಪಟ್ಟಿತು. ನೀರಿನ ಹರಿವು ಬದಲಾಗಿ ಪಾತ್ರದ ಮರಳು ಬಯಲಾಯಿತು. ನೈಋತ್ಯದಿಂದ ಬೀಸುವ ಗಾಳಿ ಅದನ್ನು ಊರಿನ ಮೇಲೆ ಸುರಿಯತೊಡಗಿತು. ಕೃಷಿವಿಜ್ಞಾನಿಯೂ ಲೇಖಕರೂ ಆದ ಡಾ. ಕೆ. ಎನ್. ಗಣೇಶಯ್ಯನವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಅಣೆಕಟ್ಟೆಯ ಪಾತ್ರವನ್ನು ಚರ್ಚಿಸಿದ್ದಾರೆ. ಹಾಗಾದರೆ ಶಾಪದ ಮೊದಲ ಎರಡು ಅಂಗಗಳು ದಡದ ಜನ ದಿನವೂ ನೋಡುತ್ತಿದ್ದ ಸಂಗತಿಗಳೇ. ತಿರುವಿನಲ್ಲಿ ಹರಿಯುವ ಹೊಳೆ ಒಂದೆಡೆ ಮರಳು ನಿಲ್ಲಿಸಿದರೆ ಇನ್ನೊಂದೆಡೆ ಕೊರೆದು ಮಡು ಮಾಡುತ್ತದೆ. ಮನೆಯಂಗಳ ಮರಳಾಗುವುದನ್ನು ಕಂಡು ಊರು ಬಿಟ್ಟವರ ಅಳಲು ಅಲ್ಲಿದೆ. ಮರಳು, ಮಾಲಂಗಿ, ಮಡು, ಮೈಸೂರು, ಮಕ್ಕಳು ಎಂಬ ಮಕಾರದ ಮಾತುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡದ್ದರಿಂದ ಅದು ನಾಲಗೆಯ ಮೇಲೆ ಸುಲಭವಾಗಿ ನಿಂತಿತು.

ಆದರೆ ಅಣೆಕಟ್ಟೆಯ ಕಾರಣವನ್ನು ಹೇಳಿದ ಮಾತ್ರಕ್ಕೆ ಹಾಡಿನ ಅರ್ಥ ಮುಗಿಯುವುದಿಲ್ಲ. ಕಣ್ಣಮುಂದಿನ ಮರಳಿಗೂ ಮಡುವಿಗೂ ಜನ ಒಬ್ಬ ಹೆಣ್ಣಿನ ನೋವನ್ನೇ ಏಕೆ ಕಾರಣವಾಗಿ ಆರಿಸಿಕೊಂಡರು? ಗಂಡನನ್ನು ಕಳೆದುಕೊಂಡ, ನೆಲೆಯಿಲ್ಲದ ಹೆಣ್ಣಿನ ಬೆನ್ನುಹತ್ತಿ ಒಡವೆ ಕೇಳುವುದು ಅನ್ಯಾಯವೆಂದು ಅವರಿಗೆ ತೋರಿತು. ಗೆದ್ದ ಅರಸನೆದುರು ಅದನ್ನು ಹೇಳುವ ಬಲ ಅವರಿಗಿರಲಿಲ್ಲ. ಆದುದರಿಂದ ಹೊಳೆಯನ್ನೂ ಗಾಳಿಯನ್ನೂ ಸಾಕ್ಷಿಗೆ ಕರೆದರು. ನಾಲ್ಕು ನೂರು ವರ್ಷಗಳಿಂದ ನಾಡಿನ ಜನ ಆ ತೀರ್ಪನ್ನು ಬದಲಾಯಿಸಿಲ್ಲ. ಅರಮನೆಯಲ್ಲಿಯೇ ಅಲಮೇಲಮ್ಮನಿಗೆ ಪೂಜೆ ಸಲ್ಲುತ್ತದೆ ಎಂಬ ಪ್ರಚಲಿತ ಮಾತೂ ಅದೇ ತೀರ್ಪಿನ ಒಪ್ಪಿಗೆಯಂತಿದೆ. ಬೀದಿಯಲ್ಲಿ ಬಿದ್ದ ಹೊನ್ನನ್ನೂ ಕೈಯಿಂದ ಮುಟ್ಟೆನೆಂದ ಸತ್ಯಕ್ಕನವರ ನಿಲುವನ್ನೂ, ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ನಿಲುವನ್ನೂ ಬಲ್ಲವರಿಗೆ ಈ ಶಾಪದ ತಿರುಳು ತಾನಾಗಿ ತಿಳಿಯುತ್ತದೆ. ಪರರ ಸೊತ್ತಿಗೆ ಚಾಚಿದ ಕೈಗೆ ಫಲವಿಲ್ಲ ಎಂಬುದು ಅಲ್ಲಿಯ ನುಡಿ.

ನುಡಿಯ ಒಳಗೆ ನಡೆ

ನಾಲ್ಕು ನೆಲೆಗಳ ಈ ಹಾಡು ಹೇಳಿಕೆಗಳಲ್ಲಿ ಕಂಡವರು ಯಾರು? ನಂಜಾದ ಕಾಲಿನ ಒಕ್ಕಲಿಗ, ಹಿರಿಯ ಹೆಂಡತಿ, ರಾಗಿ ಬೀಸುವವಳು, ಬಟ್ಟೆ ಒಗೆಯುವವನು, ಒಡವೆಗಾಗಿ ಬೆನ್ನಟ್ಟಲ್ಪಟ್ಟ ವಿಧವೆ. ಶಾಸನಗಳು ಇವರ ಹೆಸರನ್ನು ಬರೆದದ್ದು ಅಪರೂಪ. ಹಾಡು ಮಾತ್ರ ಇವರನ್ನು ದೇವರ ಪಕ್ಕದಲ್ಲಿ, ಕೆಲವೊಮ್ಮೆ ದೇವರ ಜಾಗದಲ್ಲಿಯೇ ಕೂರಿಸಿ ಕಾಪಾಡಿತು. ವಚನಕಾರರು ದುಡಿಯುವವರಿಗೆ ಬಾಯಿ ಕೊಟ್ಟರು. ವಚನದ ಓಲೆಗರಿ ತಲುಪದ ಕಡೆಯಲ್ಲಿ ಜನಪದರು ತಮ್ಮ ಬಾಯನ್ನು ತಾವೇ ಕಾಯ್ದುಕೊಂಡರು.

ಈ ಹಾಡುಗಳನ್ನು ಬಲ್ಲ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಮನೆಯ ಅಜ್ಜಿಯರು ಹಾಡುವುದನ್ನು ಕೇಳಿ ಬರೆದಿಡುವುದು, ದನಿಮುದ್ರಿಸಿಕೊಳ್ಳುವುದು ಇಂದು ಯಾರಿಗೂ ಕಷ್ಟವಲ್ಲ. ಬರೆದಿಡುವಾಗ ಹಾಡಿದವರ ಹೆಸರನ್ನೂ ಊರನ್ನೂ, ಹಾಡುತ್ತ ಅವರು ಮಾಡುತ್ತಿದ್ದ ಕೆಲಸವನ್ನೂ ಅವರ ಒಪ್ಪಿಗೆಯಿಂದ ಬರೆದಿಟ್ಟರೆ ಅರ್ಥದ ಕೀಲಿಯೂ ಜೊತೆಗೇ ಉಳಿಯುತ್ತದೆ. ತತ್ತ್ವವನ್ನು ಆಮೇಲೆ ವಿಚಾರಿಸಬಹುದು. ಮೊದಲು ಆ ಮಾತನ್ನು ಅವರ ಬಾಯಿಂದಲೇ, ಅವರು ಆಡಿದಂತೆಯೇ ಕೇಳಿಸಿಕೊಳ್ಳಬೇಕು. ಬಾಗಿಲಿಗೆ ಬಂದವರನ್ನು ಕುಲ ಕೇಳದೆ ಒಳಗೆ ಕರೆದ ಬಸವಾದಿ ಶರಣರ ಮಕ್ಕಳಿಗೆ ಇದು ತಕ್ಕ ಕಾಯಕ.